ಒಂದು ಸಣ್ಣ ಪಿನ್ನು

ನಾವು 1981ರಲ್ಲಿ ರಾಜಾಜಿನಗರದ ಈ ಮನೆಗೆ ಬಂದಾಗ ಇಲ್ಲಿ ಫ್ಯಾನು ಇರಲಿಲ್ಲ. ಬೇಕೆಂದು ಅನ್ನಿಸಿಯೂ ಇರಲಿಲ್ಲ. ಬೇಸಗೆಯ ಸಂಜೆ ಕಿಟಕಿ ತೆರೆದಿಟ್ಟರೆ ಸಾಕಾಗುತ್ತಿತ್ತು. ನಡುಮನೆಗೆ ಮೊದಲ ಸೀಲಿಂಗ್ ಫ್ಯಾನು ಬಂದದ್ದು 1986ರಲ್ಲಿ, ಮಗಳು ಕೈಗೂಸಾಗಿದ್ದಾಗ. ಆಮೇಲೆ ಊರಿನ ಹವೆಯೇ ಬದಲಾಯಿತು. 2016ರ ಏಪ್ರಿಲ್ 24ರಂದು ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿಗೆ ಏರಿದ್ದು ನಿಮಗೂ ನೆನಪಿರಬಹುದು. ಫ್ಯಾನು ಮಾತ್ರ ಅದೇ.

2024ರ ಬೇಸಗೆಯಲ್ಲಿ ಮೊಮ್ಮಗಳು ರಜಕ್ಕೆ ಬಂದಳು. ಅವಳಮ್ಮ ಮಲಗುತ್ತಿದ್ದ ಜಾಗದಲ್ಲಿಯೇ, ಅದೇ ಫ್ಯಾನಿನ ಕೆಳಗೆ, ಚಾಪೆ ಹಾಸಿಕೊಂಡಳು. ಆದರೆ ಫ್ಯಾನು ಐದನೆಯ ನಂಬರಿನಲ್ಲಿಯೂ ತೂಕಡಿಸುತ್ತ ತಿರುಗುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿದವನಿಗೆ ರೋಗ ತಿಳಿಯದೆ? ಇಂಥ ಫ್ಯಾನಿನ ಮೋಟಾರಿನಲ್ಲಿ ಎರಡು ಸುರುಳಿಗಳಿರುತ್ತವೆ. ಒಂದರ ವಿದ್ಯುತ್ತನ್ನು ಕೆಪಾಸಿಟರು ಇನ್ನೊಂದಕ್ಕಿಂತ ಹಿಂದುಮುಂದು ಮಾಡುವುದರಿಂದಲೇ ಕಾಂತಕ್ಷೇತ್ರ ಸುತ್ತತೊಡಗುತ್ತದೆ. ವರ್ಷಗಳು ಕಳೆದಂತೆ ಕೆಪಾಸಿಟರಿನ ಶಕ್ತಿ ಕುಂದುತ್ತದೆ, ಫ್ಯಾನು ನಿಧಾನವಾಗುತ್ತದೆ. ಅದು ಪೂರ್ತಿ ಕೆಟ್ಟರೆ ಮೋಟಾರು ಗುಂಯ್‌ಗುಟ್ಟುತ್ತದೆಯೇ ಹೊರತು ತಾನಾಗಿ ಹೊರಡುವುದಿಲ್ಲ. ನವರಂಗ್ ಬಳಿಯ ಅಂಗಡಿಯಿಂದ 2.5 ಮೈಕ್ರೋಫ್ಯಾರಡಿನ ಕೆಪಾಸಿಟರು ತಂದೆ. ಮೇನ್ ಸ್ವಿಚ್ ಆರಿಸಿ, ಮೋಟಾರಿನ ಮೇಲಿರುವ ಕೆಳಬಟ್ಟಲನ್ನು ಸರಿಸಿ, ಹಳೆಯದನ್ನು ತೆಗೆದು ಹೊಸದನ್ನು ಜೋಡಿಸಿದೆ. ಫ್ಯಾನು ಹರೆಯ ಮರಳಿದಂತೆ ತಿರುಗಿತು. ನನಗೂ ಸ್ವಲ್ಪ ಹರೆಯ ಮರಳಿತೆನ್ನಿ.

ಆದರೆ ವೇಗದೊಡನೆ ಒಂದು ಸದ್ದೂ ಹೆಚ್ಚಿತು. ಬಹುಕಾಲದಿಂದ ಮೆಲ್ಲಗೆ ಕೇಳುತ್ತಿದ್ದ ಟಕ್ ಟಕ್ ಸದ್ದು ಈಗ ಸ್ಪಷ್ಟವಾಯಿತು.

"ರೀ, ಈ ಸದ್ದು ಸರಿಯಿಲ್ಲ. ಮಗುವನ್ನು ಒಳಗೆ ಮಲಗಿಸೋಣ" ಎಂದಳು ನನ್ನಾಕೆ.

"ಸುಮಾರು ನಲವತ್ತು ವರ್ಷದ ಫ್ಯಾನು, ಅಷ್ಟೂ ಸದ್ದು ಮಾಡದೆ ಇದ್ದೀತೇ?" ಎಂದೆ.

ಅವಳು ವಾದಿಸಲಿಲ್ಲ. ಚಾಪೆ ಸುತ್ತಿ, ನಿದ್ದೆಗಣ್ಣಿನ ಮೊಮ್ಮಗಳನ್ನು ಕರೆದುಕೊಂಡು ಕೋಣೆಗೆ ಹೋದಳು. ಅವಳ ಭಯ ಸುಳ್ಳೆಂದು ತೋರಿಸುವ ಹಟದಿಂದಲೇ ನಾನು ಮರುದಿನ ಕಾಮಾಕ್ಷಿಪಾಳ್ಯದಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ.

ಆತ ಏಣಿ ಏರುವ ಮೊದಲೇ ಕೇಳಿದ: "ಸಾರ್, ಈ ಫ್ಯಾನನ್ನು ಕಡೆಯ ಸಲ ಇಳಿಸಿದ್ದು ಯಾರು?"

"ನಾನೇ ಕಣಪ್ಪಾ. 2019ರಲ್ಲಿ, ಬಣ್ಣ ಬಳಿಸುವಾಗ."

ಆತ ತಾರಸಿಗೆ ಅಂಟಿದ್ದ ಮೇಲಿನ ಬಟ್ಟಲನ್ನು ಕೆಳಗಿಳಿಸಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ನನ್ನನ್ನೂ ಏಣಿ ಹತ್ತಿಸಿ ತೋರಿಸಿದ. ಕೊಂಡಿಗೆ ಫ್ಯಾನನ್ನು ತೂಗುಹಾಕುವ ಬೋಲ್ಟಿನ ನಟ್ಟು ಸಡಿಲಗೊಂಡು ತುದಿಗೆ ಬಂದಿತ್ತು. ಇನ್ನೆರಡು ಸುತ್ತು ಬಿಚ್ಚಿದ್ದರೆ ಮುಗಿಯಿತು. ನಟ್ಟನ್ನು ತಡೆಯಬೇಕಾದ ಸ್ಪ್ಲಿಟ್ ಪಿನ್ನಿನ ತೂತು ಬರಿದಾಗಿತ್ತು. ರಬ್ಬರು ಬುಷ್ಷು ಸವೆದು ಲೋಹಕ್ಕೆ ಲೋಹ ತಾಗುತ್ತಿತ್ತು; ಆ ಟಕ್ ಟಕ್ ಅದರದೇ. ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸುತ್ತು ಸುತ್ತುವ ಫ್ಯಾನಿನ ನಡುಕ ನಟ್ಟನ್ನು ಎಳೆಎಳೆಯಾಗಿ ಬಿಚ್ಚುತ್ತಲೇ ಇತ್ತು. ನಾನು ಹೆಚ್ಚಿಸಿದ ವೇಗ ಆ ನಡುಕವನ್ನೂ ಹೆಚ್ಚಿಸಿತ್ತು. ಬೋಲ್ಟು ಜಾರಿದರೆ ಆ ಭಾರವನ್ನು ವಿದ್ಯುತ್ ತಂತಿ ಹಿಡಿದೀತೆ?

ನನ್ನ ಕಾಲು ಏಣಿಯ ಮೇಲೆಯೇ ನಡುಗಿತು. ಕೆಳಗೆ ನೋಡಿದೆ. ಚಾಪೆ ಹಾಸುವ ಜಾಗ ನೇರ ಕೆಳಗಿತ್ತು.

ಆತ ಹೊಸ ಬುಷ್ಷು ಹಾಕಿ, ನಟ್ಟು ಬಿಗಿದು, ಹೊಸ ಪಿನ್ನು ತೂರಿಸಿ ಅದರ ಎರಡು ಕಾಲುಗಳನ್ನು ಬಗ್ಗಿಸಿದ. "ಹಳೇ ಪಿನ್ನು ಸಿಕ್ಕರೂ ಮತ್ತೆ ಹಾಕಬೇಡಿ ಸಾರ್. ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ್ದು ಮುರಿಯುತ್ತೆ" ಎಂದ. ನಾನು ತಲೆಯಾಡಿಸಿದೆ, ಅಂದಿನ ಮಟ್ಟಿಗೆ ವಿದ್ಯಾರ್ಥಿ ನಾನೇ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಮ್ಮೆಯಾದರೂ, ಮೇನ್ ಸ್ವಿಚ್ ಆರಿಸಿ, ಫ್ಯಾನಿನ ಮೇಲಿನ ಬಟ್ಟಲನ್ನು ಇಳಿಸಿ ನೋಡಿ, ಅಥವಾ ಬಲ್ಲವರಿಂದ ನೋಡಿಸಿ. ಕೊಂಡಿಯ ಬಳಿ ಒಂದು ಪಿನ್ನು, ಕೊಳವೆ ಮೋಟಾರಿಗೆ ಸೇರುವಲ್ಲಿ ಇನ್ನೊಂದು ಪಿನ್ನು ಇರಬೇಕು. ರೆಕ್ಕೆಗಳ ಸ್ಕ್ರೂಗಳು ಬಿಗಿಯಾಗಿರಲಿ. ಧೂಳನ್ನು ಎಲ್ಲ ರೆಕ್ಕೆಗಳಿಂದಲೂ ಒರೆಸಿ. ಒಂದನ್ನು ಬಿಟ್ಟರೂ ತೂಕ ತಪ್ಪಿ ಫ್ಯಾನು ಓಲಾಡೀತು. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ಸದ್ದು ಕೇಳಿದವರ ಮಾತನ್ನು ತಳ್ಳಿಹಾಕಬೇಡಿ. ಸದ್ದಿಗೆ ಒಗ್ಗಿಹೋದ ಕಿವಿಯನ್ನು ಅನುಭವಿ ಕಿವಿಯೆಂದು ನಾನು ತಪ್ಪು ತಿಳಿದಿದ್ದೆ.

ಆ ರಾತ್ರಿ ಮೊಳೆ, ಸ್ಕ್ರೂಗಳನ್ನಿಡುವ ನನ್ನ ತಗಡಿನ ಡಬ್ಬಿಯನ್ನು ತಡಕಾಡಿದೆ. ತಳದಲ್ಲೊಂದು ಪೊಟ್ಟಣ. ಒಳಗೆ ಆ ಪಿನ್ನು, ಮೇಲೆ ನನ್ನದೇ ಕೈಬರಹ: "ನಡುಮನೆ ಫ್ಯಾನು. ಮರೆಯದೆ ಹಾಕುವುದು."

ಅದನ್ನು ಒಯ್ದು ನನ್ನಾಕೆಯ ಕೈಗಿತ್ತೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು.

"ಅಕ್ಷರ ಮಾತ್ರ ದುಂಡಗಿದೆ" ಎಂದಳು.