ಎಂಬತ್ತೈದಕ್ಕೊಂದು ಬರ್ಗರು

ನಮ್ಮ ಮನೆಯಲ್ಲಿ ಬರ್ಗರಿಗೆ ದುಡ್ಡಿನ ಲೆಕ್ಕ ಇರಲಿಲ್ಲ, ಮಾರ್ಕ್ಸಿನ ಲೆಕ್ಕ ಇತ್ತು. ಗಣಿತದಲ್ಲಿ 85 ಬಂದರೆ ಬರ್ಗರು. 90 ದಾಟಿದರೆ ಅದರ ಜೊತೆಗೆ ಫ್ರೈಸು, ಕೋಲಾ. ಎಲ್ಲ ವಿಷಯದಲ್ಲೂ 90 ಬಂದರೆ ದೊಡ್ಡ ಪಿಜ್ಜಾ, ಮನೆಮಂದಿಗೆಲ್ಲ. 70ಕ್ಕಿಂತ ಕೆಳಗಿಳಿದರೆ ಆ ವಾರ ದಿನಾ ರಾತ್ರಿ ಮುದ್ದೆ, ಬಸ್ಸಾರು. ಮಗ ಆಗ ಐದನೇ ಕ್ಲಾಸು. ಈ ದರಪಟ್ಟಿಯನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವನು ನಾನು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಮಕ್ಕಳನ್ನು ಓದಿಸೋ ಗುಟ್ಟು ಕಂಡುಹಿಡಿದವನ ಹಾಗೆ ಬೀಗಿದವನೂ ನಾನೇ.

ನನ್ನ ಹಳೇ ಗೆಳೆಯರಿಗೆ ಹೇಳಿದರೆ ನಂಬಲಿಕ್ಕಿಲ್ಲ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಕೆಂಟಕಿ ಫ್ರೈಡ್ ಚಿಕನ್‌ನವರು ದೇಶದಲ್ಲೇ ತಮ್ಮ ಮೊದಲ ಮಳಿಗೆ ತೆರೆದಾಗ ನಾನು ಮಂಡ್ಯದ ಹಾಸ್ಟೆಲಿನಲ್ಲಿದ್ದೆ. ಆ ಕೋಳಿಯಲ್ಲಿ ಅಜಿನೊಮೊಟೊ ಮಿತಿ ಮೀರಿದೆ ಅಂತ ಪಾಲಿಕೆ ಲೈಸೆನ್ಸು ರದ್ದು ಮಾಡಿತು, ಅವರು ಕೋರ್ಟಿಗೆ ಹೋಗಿ ಮತ್ತೆ ಬಾಗಿಲು ತೆಗೆದರು. 1996ರ ಜನವರಿ 30, ಗಾಂಧಿಯನ್ನು ನೆನೆಯುವ ದಿನವೇ, ರೈತ ಸಂಘದವರು ಒಳಗೆ ನುಗ್ಗಿ ಮಳಿಗೆಯನ್ನು ಪುಡಿಗಟ್ಟಿದರು. ನಾನೇನೂ ಅಲ್ಲಿರಲಿಲ್ಲ. ಹೋಗುವ ಧೈರ್ಯವೂ ಇರಲಿಲ್ಲ, ಬಸ್ ಚಾರ್ಜೂ ಇರಲಿಲ್ಲ. ಆದರೆ ಸುದ್ದಿ ಬಂದದ್ದೇ ತಡ, ಹಾಸ್ಟೆಲಿನ ಊಟದ ಹಾಲಿನಲ್ಲಿ ಬೆಂಚು ಹತ್ತಿ ಭಾಷಣ ಬಿಗಿದೆ. ರೈತ ಸಂಘದ ನಾಯಕ ಪ್ರೊ. ನಂಜುಂಡಸ್ವಾಮಿಯವರು ಎತ್ತಿದ್ದು ಬೀಜ ಯಾರದ್ದು, ಬೆಳೆ ಯಾರದ್ದು ಅನ್ನುವ ದೊಡ್ಡ ಪ್ರಶ್ನೆ. 1992ರಲ್ಲಿ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದಾಗಿನಿಂದಲೂ ಅದೇ ಪ್ರಶ್ನೆ. ಅಷ್ಟರಲ್ಲಿ ನನಗೆ ದಕ್ಕಿದ್ದು ‘ಪರದೇಶಿ ಕೋಳಿ’ ಅನ್ನುವ ಬೈಗುಳ ಮಾತ್ರ. ಚಪ್ಪಾಳೆಗೆ ಅದು ಧಾರಾಳ ಸಾಕಾಯಿತು.

ಆಮೇಲೆ ಬೆಂಗಳೂರಿಗೆ ಬಂದೆ, ಮೇಷ್ಟ್ರಾದೆ, ಮದುವೆಯಾಯಿತು. ನಮ್ಮ ಬಡಾವಣೆಯ ಮುಖ್ಯರಸ್ತೆಗೂ ಅಂಥದ್ದೇ ಒಂದು ಮಳಿಗೆ ಬಂತು. ಯಾರದೋ ಮಗುವಿನ ಬರ್ತ್‌ಡೇಗೆ ಅಂತ ಮೊದಲ ಸಲ ಒಳಗೆ ಹೋದೆ. ಬೈಯುವುದಕ್ಕೆ ತಯಾರಾಗಿ ಹೋದವನಿಗೆ ಆ ಜಾಗ ಹಿಡಿಸಿಬಿಟ್ಟಿತು. ತಣ್ಣಗಿತ್ತು. ಶೌಚಾಲಯ ಸ್ವಚ್ಛವಾಗಿತ್ತು. ಎಷ್ಟು ಹೊತ್ತು ಕೂತರೂ ಎದ್ದೇಳಿ ಅನ್ನುವವರಿಲ್ಲ. ಕೆಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೇ ಬೇರೆ ಕೋಣೆ ಇದ್ದ ಕಾಲವನ್ನು ನಮ್ಮ ತಾತ ಕಂಡಿದ್ದರು. ಇಲ್ಲಿ ಕೌಂಟರಿನ ಹುಡುಗ ಯಾರು, ಯಾವ ಪೈಕಿ ಅಂತ ಕೇಳದೆ ಎಲ್ಲರಿಗೂ ಒಂದೇ ಥರದ ಟ್ರೇ ಕೊಟ್ಟು, ಎಲ್ಲರಿಗೂ ಒಂದೇ ನಗು ನಗುತ್ತಿದ್ದ. ಅದು ಕಂಪನಿ ಕಲಿಸಿದ ನಗು, ಇರಲಿ. ಇದನ್ನು ಸಣ್ಣ ವಿಷಯ ಅನ್ನುವವರ ಜೊತೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಈ ಒಳ್ಳೇ ಕಾರಣವನ್ನು ಮುಂದಿಟ್ಟುಕೊಂಡು ನಾನು ಮಾಡಿದ್ದು ಮಾತ್ರ ದಡ್ಡತನ.

ದರಪಟ್ಟಿ ಕೆಲಸ ಮಾಡಿತು ಅನ್ನುವುದೇ ಅದರ ತೊಂದರೆ. ಹುಡುಗ ಓದಿದ. ಮಾರ್ಕ್ಸು ಏರಿತು, ತೂಕವೂ ಏರಿತು. ಶಾಲೆಯ ಆರೋಗ್ಯ ತಪಾಸಣೆಯವರು ಒಂದು ಚೀಟಿ ಬರೆದು ಕಳಿಸಿದರು. ಅದನ್ನು ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಕೋಲಾರದ ಕಡೆಯ ಹೆಣ್ಣುಮಗಳು. ನನ್ನ ಜೊತೆ ಮಾತೇ ಆಡದೆ ನೇರ ಅವನನ್ನೇ ಕೇಳಿದರು, “ಇದೆಲ್ಲ ಯಾರಪ್ಪಾ ಕೊಡಿಸೋದು?”

“ಅಪ್ಪ.”

“ಯಾವಾಗ?”

“85 ಬಂದ್ರೆ.”

“ಬರ್ಲಿಲ್ಲ ಅಂದ್ರೆ?”

“70 ಕಿಂತ ಕಮ್ಮಿ ಬಂದ್ರೆ ಮುದ್ದೆ. ಪನಿಷ್‌ಮೆಂಟು.”

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ಹಂಗಾದ್ರೆ ನಾನು ಹುಟ್ಟಿದಾಗಿಂದ ಶಿಕ್ಷೆ ಅನುಭವಿಸ್ತಾ ಇದೀನಿ ಅನ್ನಿ ಸರ್” ಅಂದರು. ಬಾಗಿಲ ಹತ್ತಿರ ನಿಂತಿದ್ದ ನರ್ಸು ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಭುಜ ಅಲ್ಲಾಡುತ್ತಿತ್ತು. ಹೊರಗೆ ಬೆಂಚಿನಲ್ಲಿ ಕೂತಿದ್ದವರಿಗೂ ಕೇಳಿಸಿರಬೇಕು. ಫೀಸು ಕೊಡುವಾಗ ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದವನು ಸ್ಕೂಟರು ಸಿಗುವ ತನಕ ಎತ್ತಲಿಲ್ಲ.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬಂದದ್ದು ಸಿಟ್ಟು. ಮನೆಗೆ ಬಂದವನೇ ದರಪಟ್ಟಿ ಹರಿದೆ, ಸಾಸಿನ ಪೊಟ್ಟಣಗಳನ್ನೆಲ್ಲ ಕಸಕ್ಕೆ ಸುರಿದೆ, ಇನ್ನು ಮುಂದೆ ದಿನಾ ಮುದ್ದೆ ಅಂತ ಫರ್ಮಾನು ಹೊರಡಿಸಿದೆ. “ನಾನೇನು ತಪ್ಪು ಮಾಡ್ದೆ? 93 ಬಂದಿದೆಯಲ್ಲ?” ಅಂದ ಹುಡುಗ. ಅವನ ಲೆಕ್ಕದಲ್ಲಿ ನಾನು ವಚನಭ್ರಷ್ಟ. ಹೆಂಡತಿ ಒಂದೇ ಮಾತು ಹೇಳಿದಳು: “ಮುದ್ದೆ ತೊಳಸೋರು ಯಾರು?” ನಾನು ತೊಳಸಲು ಹೋದೆ. ಗಂಟು ಗಂಟಾಯಿತು. ಅದನ್ನು ತಿನ್ನುವುದು ನಿಜಕ್ಕೂ ಶಿಕ್ಷೆಯೇ ಆಯಿತು. ಮಗ ಗೆಳೆಯರ ಮನೆಯಲ್ಲಿ, ಅವರ ಅಪ್ಪಂದಿರ ದುಡ್ಡಿನಲ್ಲಿ ಬರ್ಗರು ತಿಂದು, ಬಾಯಿ ಒರೆಸಿಕೊಂಡು ಬರಲು ಕಲಿತ.

ಆಗ ನನ್ನ ಬಳಿ ಅಂಕಿಅಂಶಕ್ಕೇನೂ ಬರ ಇರಲಿಲ್ಲ. ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಂದು ಕ್ಯಾನು ಕೋಲಾದಲ್ಲಿ 30 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ, ಇಂಥ ತಿಂಡಿಯನ್ನು ಶಾಲೆಯೊಳಗೂ ಶಾಲೆಯಿಂದ 50 ಮೀಟರಿನೊಳಗೂ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ. ಎಲ್ಲವನ್ನೂ ಊಟದ ಹೊತ್ತಿಗೆ ಹೇಳುತ್ತಿದ್ದೆ. ಪಾಪ, ಸರ್ಕಾರ 50 ಮೀಟರು ದೂರ ತಳ್ಳಿದ್ದನ್ನು ಫ್ರಿಜ್ಜಿನ ಬಾಗಿಲಿಗೇ ತಂದು ಅಂಟಿಸಿದ್ದವನು ನಾನು. ಕಂಪನಿಗಳು ಹುಷಾರು, ಅದರಲ್ಲಿ ಎರಡು ಮಾತಿಲ್ಲ. ಮ್ಯಾಕ್‌ಡೊನಾಲ್ಡ್ಸ್‌ನವರು ಊಟದ ಡಬ್ಬಿಯಲ್ಲಿ ಆಟಿಕೆ ಇಟ್ಟು ಅಮೆರಿಕದ ಮಕ್ಕಳಿಗೆ ‘ಹ್ಯಾಪಿ ಮೀಲ್’ ಮಾರತೊಡಗಿದ್ದು 1979ರಲ್ಲಿ. 1996ರಲ್ಲಿ ದೆಹಲಿಗೆ ಬರುವಾಗ ದನದ ಮಾಂಸ ಕೈಬಿಟ್ಟೇ ಬಂದರು, ಆಮೇಲೆ ನಮ್ಮ ಆಲೂ ಟಿಕ್ಕಿಯನ್ನೇ ಬನ್ನಿನೊಳಗೆ ಇಟ್ಟರು. ಆದರೆ ಯಾವ ಕಂಪನಿಯೂ ನನ್ನ ಮಗನಿಗೆ ಮುದ್ದೆ ಅಂದರೆ ದಂಡ ಅಂತ ಹೇಳಿರಲಿಲ್ಲ. ಹೇಳಿದ್ದರೂ ಅವನು ನಂಬುತ್ತಿರಲಿಲ್ಲ. ಅಪ್ಪ ಹೇಳಿದ, ಅದೂ ಕನ್ನಡದಲ್ಲಿ ಟೈಪು ಮಾಡಿ. ನಂಬಿದ.

ನಾವು ಹುಡುಗರಾಗಿದ್ದಾಗ ತಿನ್ನುವುದಕ್ಕೆ ಕಾರಣ ಬೇಕಿರಲಿಲ್ಲ, ಹೊತ್ತಾದರೆ ಊಟ. ಹೋಳಿಗೆ ಹಬ್ಬಕ್ಕೆ ಬರುತ್ತಿತ್ತು. ಫೇಲಾದವನಿಗೂ ಪಾಸಾದವನಿಗೂ ಒಂದೇ ಹೋಳಿಗೆ, ತುಪ್ಪವೂ ಒಂದೇ ಮಿಳ್ಳೆ. ತಿಂಡಿಯನ್ನು ಸಂಬಳ ಮಾಡಿದ್ದು ನಮ್ಮ ಪೀಳಿಗೆ. ಸಂಜೆ ಮಗನ ಜೊತೆ ಕೂತು ಭಿನ್ನರಾಶಿ ಹೇಳಿಕೊಡುವುದಕ್ಕಿಂತ ಭಾನುವಾರ ಕಾರ್ಡು ಉಜ್ಜುವುದು ಸುಲಭ. ನಾನು ಕೊಂಡದ್ದು ಬರ್ಗರನ್ನಲ್ಲ, ಆ ಸಂಜೆಯ ಬಿಡುವನ್ನು. ಆ ಬಿಡುವಿನಲ್ಲಿ ಏನು ಮಾಡಿದೆ ಅಂತ ಕೇಳಬೇಡಿ, ಮೊಬೈಲು ನೋಡಿದೆ.

ಇದೇ ಗಲಾಟೆಯ ನಡುವೆ ಹೆಂಡತಿಯ ಒತ್ತಾಯಕ್ಕೆ ನಾನೂ ರಕ್ತ ಕೊಟ್ಟು ಬಂದೆ. ಮೂರು ತಿಂಗಳ ಸರಾಸರಿ ಸಕ್ಕರೆ 6.2. 5.7 ದಾಟಿದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5ಕ್ಕೆ ಒಳಮನೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಆ ಒಳಮನೆಯಲ್ಲಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿದೆ. ತಮಾಷೆ ಅಂದರೆ ನಾನು ಬರ್ಗರು ತಿಂದದ್ದು ಕಮ್ಮಿ. ನನ್ನದೆಲ್ಲ ದರ್ಶಿನಿಯ ಲೆಕ್ಕ: ಬೆಳಿಗ್ಗೆ ಬೆಣ್ಣೆ ತೇಲುವ ಮಸಾಲೆ ದೋಸೆ, ಎರಡು ಸ್ಟ್ರಾಂಗ್ ಕಾಫಿ, ಸಂಜೆ ಪಕೋಡ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ಬೆಂಗಳೂರು ನಿಂತುಕೊಂಡೇ ಗಬಗಬನೆ ತಿನ್ನುವುದನ್ನು ಚೆನ್ನಾಗಿ ಕಲಿತಿದೆ. ಅದಕ್ಕೆ ಯಾವ ಪರದೇಶಿಯೂ ಬರಬೇಕಿರಲಿಲ್ಲ. ಹಾಸ್ಟೆಲಿನ ಬೆಂಚಿನ ಮೇಲೆ ಈ ವಿಷಯ ನನಗೆ ಹೊಳೆದಿರಲಿಲ್ಲ.

ರಿಪೋರ್ಟನ್ನು ಮುಚ್ಚಿಟ್ಟೆ. ಮಗನಿಗೆ ಸಿಕ್ಕಿತು. ಓದಿ, “ಅಪ್ಪಾ, ನಿಂಗೆ ಎಷ್ಟು ಬಂದ್ರೆ ಪಾಸು?” ಅಂದ.

ಈಗ ದರಪಟ್ಟಿ ಇಲ್ಲ. ಯಾವಾಗಲಾದರೂ ಮನಸ್ಸಾದರೆ ಅಲ್ಲಿಗೇ ಹೋಗಿ ತಿನ್ನುತ್ತೇವೆ, ಪರೀಕ್ಷೆಗೂ ಅದಕ್ಕೂ ಸಂಬಂಧ ಇಲ್ಲ. ಮುದ್ದೆಯನ್ನು ಅವನಿನ್ನೂ ಅನುಮಾನದಿಂದಲೇ ನುಂಗುತ್ತಾನೆ, ಅದು ಬೇಗ ಹೋಗುವಂಥದ್ದಲ್ಲ. ಅವನಿಗೆ ಹತ್ತಿದ ಹೊಸ ಚಟ ಬೇರೆ: ಹತ್ತೋ ಅದಕ್ಕಿಂತ ಹೆಚ್ಚೋ ಅಂಗಡಿ ಇರುವ ಸರಪಳಿಯವರು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅಂತ 2022ರಿಂದ ನಿಯಮ ಇದೆಯಲ್ಲ, ಅದನ್ನು ಗಟ್ಟಿಯಾಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದುವುದು. ಹೋದ ವಾರ ದರ್ಶಿನಿಗೂ ಬಂದಿದ್ದ. ಗೋಡೆಯ ಬೋರ್ಡನ್ನು ಮೇಲಿಂದ ಕೆಳಗೆ ಹುಡುಕಿ, ನನ್ನ ತಟ್ಟೆ ನೋಡಿ, “ಇಲ್ಲಿ ಯಾಕೆ ಬರೆದಿಲ್ಲ?” ಅಂತ ಕೇಳಿದ. ಇವರದ್ದು ಒಂದೇ ಅಂಗಡಿ ಕಣೋ, ಇವರಿಗೆ ಆ ನಿಯಮ ಇಲ್ಲ ಅಂದೆ. “ದೋಸೆಗೆ ಗೊತ್ತಾ ಅದು?” ಅಂದ. ನಾನು ಸ್ವಲ್ಪ ಚಟ್ನಿ ಹಾಕಿಸಿಕೊಳ್ಳಲು ಕೌಂಟರಿಗೆ ಹೋದೆ.