ಸೊಲ್ಲೆತ್ತುವವರೂ ಸೊಲ್ಲು ಹಿಡಿಯುವವರೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣದ ಕಡೆಗೆ ಸ್ವಲ್ಪ ದೂರ ಸಾಗಿದರೆ ಜಾನಪದ ಲೋಕವೆಂಬ ಸ್ಥಳವು ಸಿಕ್ಕುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅವರ ತಾಯಿತಂದೆಗಳಲ್ಲಿಯೂ ಅನೇಕರು ಅದರ ಹೆಬ್ಬಾಗಿಲನ್ನು ಬಸ್ಸಿನ ಕಿಟಕಿಯಿಂದ ಕಂಡಿರುವರು. ಇಳಿದು ಒಳಹೊಕ್ಕವರು ಅಷ್ಟು ಮಂದಿ ಇರಲಾರರು. ಅಲ್ಲಿ ವರ್ಷಕ್ಕೊಮ್ಮೆ ಲೋಕೋತ್ಸವವು ನಡೆಯುವುದುಂಟು. ನಾಡಿನ ನಾನಾ ಕಡೆಗಳಿಂದ ಕುಣಿತದವರೂ ಹಾಡುವವರೂ ಬಂದು ಸೇರುವರು. ಕೈಕಸಬಿನ ವಸ್ತುಗಳನ್ನು ನೋಟಕ್ಕೂ ಮಾರಾಟಕ್ಕೂ ಇಡುವರು. ಕೆಲವು ಮಂದಿ ಕಲಾವಿದರಿಗೆ ಪ್ರಶಸ್ತಿಯನ್ನಿತ್ತು ಮನ್ನಿಸುವರು. ಈ ಪ್ರಶಸ್ತಿ ಮತ್ತು ಪ್ರದರ್ಶನಗಳ ವಿಷಯವಾಗಿ ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದಿರುವ ಒಂದು ಪ್ರಶ್ನೆಯನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂದು ಅಪೇಕ್ಷಿಸುವೆವು.

ಈ ಲೋಕವನ್ನು ಕಟ್ಟಿದವರು ಶ್ರೀ ಎಚ್. ಎಲ್. ನಾಗೇಗೌಡರು. 1915ರಲ್ಲಿ ನಾಗಮಂಗಲದ ಸೀಮೆಯಲ್ಲಿ ಹುಟ್ಟಿ, ಸರಕಾರದಲ್ಲಿ ದೊಡ್ಡ ಅಧಿಕಾರದಲ್ಲಿದ್ದವರು. ಅಧಿಕಾರಿಗಳು ಹಳ್ಳಿಗೆ ಹೋದರೆ ಕಂದಾಯದ ಲೆಕ್ಕ ಕೇಳುವುದು ಲೋಕರೂಢಿ. ಇವರು ಪದ ಕೇಳಿದರು. ಹಾಡುವವರ ಮುಂದೆ ಧ್ವನಿಮುದ್ರಣದ ಯಂತ್ರವನ್ನಿಟ್ಟುಕೊಂಡು ಕುಳಿತರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. 1994ರಲ್ಲಿ ರಾಮನಗರದ ಬಳಿ ಹದಿನೈದು ಎಕರೆಗಳಲ್ಲಿ ಜಾನಪದ ಲೋಕವು ಬಾಗಿಲು ತೆರೆಯಿತು. ಮರುವರುಷ ಮುಧೋಳದಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 2005ರಲ್ಲಿ ತೀರಿಕೊಂಡರು.

ಅಲ್ಲಿನ ಲೋಕಮಾತಾ ಮಂದಿರವನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇವೆ. ಹೆಣ್ಣುಮಕ್ಕಳು ಅವಶ್ಯವಾಗಿ ನೋಡತಕ್ಕ ಜಾಗವದು. ಅಡುಗೆಮನೆಯ ಮಡಕೆ ಕುಡಿಕೆಗಳು, ಬುಟ್ಟಿ ಮೊರಗಳು ಮೊದಲಾಗಿ ನಮ್ಮ ಅಜ್ಜಿಯರ ಕೈಗಳಲ್ಲಿ ಸವೆದ ಸಾಮಾನುಗಳೇ ಅಲ್ಲಿ ಗೌರವದಿಂದ ಕುಳಿತಿವೆ. ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋದಾಗ ಒಬ್ಬಳು, "ಇದನ್ನೆಲ್ಲ ಯಾರು ಮಾಡಿದ್ದು?" ಎಂದು ಕೇಳಿದಳು. ಯಾವ ಕುಂಬಾರನು, ಯಾವ ಮೇದರವಳು ಎಂಬುದನ್ನು ಹೇಳುವ ಬಗೆ ಇರಲಿಲ್ಲ. ಇದು ಸಂಗ್ರಹಿಸಿದವರ ದೋಷವೆಂದು ಯಾರೂ ತಿಳಿಯಬಾರದು. ಮಡಕೆಯ ಮೇಲೆ ಕುಂಬಾರನು ಹೆಸರು ಬರೆಯುವವನಲ್ಲ. ಮೊರ ಹೆಣೆದವಳು ಸಂತೆಯಲ್ಲಿ ಮಾರಿ ಮನೆಗೆ ಹೋಗುವವಳು. ಆದರೂ ಆ ಮಗುವಿನ ಪ್ರಶ್ನೆಯು ಸಹಜವಾದುದೇ. ಏಕೆಂದರೆ ನಮ್ಮ ಶಾಲೆಯ ವಾರ್ಷಿಕ ಕೈಕೆಲಸದ ಪ್ರದರ್ಶನದಲ್ಲಿ ಪ್ರತಿಯೊಂದು ಕರವಸ್ತ್ರಕ್ಕೂ ಒಂದು ಚೀಟಿಯನ್ನು ಹೊಲಿದಿರುವುದು: ಹೆಸರು, ತರಗತಿ, ಬಹುಮಾನ ಬಂದಿದ್ದರೆ ಅದರ ಅಂಕೆ. ಹೆಸರಿಲ್ಲದ ಕೆಲಸವನ್ನು ಆ ಹುಡುಗಿ ಅದುವರೆಗೆ ಕಂಡಿರಲಿಲ್ಲ.

ಪ್ರದರ್ಶನವಿಟ್ಟು ಬಹುಮಾನ ಕೊಡುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನವು ಒಡೆಯರ ಕಾಲದಲ್ಲಿಯೇ ಆರಂಭವಾಯಿತು. ನೇಯ್ದವರೂ ಕೆತ್ತಿದವರೂ ತಮ್ಮ ಹೆಸರನ್ನು ಹತ್ತು ಮಂದಿಯ ಮುಂದೆ ಕೇಳುವುದಕ್ಕೆ ಇಂಥ ಸ್ಥಳಗಳೇ ಅವಕಾಶ ಕೊಟ್ಟವು. ಇದು ಸಣ್ಣ ಉಪಕಾರವಲ್ಲ.

ಆದರೆ ಕೆಲವು ಕಲೆಗಳು ಒಂದು ಚೀಟಿಗೆ ಒಗ್ಗುವುದಿಲ್ಲ. ಪೂಜಾ ಕುಣಿತವನ್ನೇ ನೋಡಿರಿ. ಮಾಗಡಿ ಕನಕಪುರಗಳ ಜಾತ್ರೆಗಳಿಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೇವಿಯ ಮುಖವಿಟ್ಟು ಸೀರೆಯುಡಿಸಿ ಸಿಂಗರಿಸಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈಬಿಟ್ಟು ಕುಣಿಯುವವನು ಒಬ್ಬನೇ. ನೋಡುವ ಕಣ್ಣೆಲ್ಲ ಅವನ ಮೇಲೆ. ತಮಟೆಯವನು ಒಂದು ಪೆಟ್ಟನ್ನು ತಪ್ಪಿಸಿದರೆ ಅವನ ಕಾಲು ಎಲ್ಲಿ ಬೀಳಬೇಕು? ಚೌಕಟ್ಟನ್ನು ಕಟ್ಟಿದವನು ಬಿದಿರಿನ ತೂಕವನ್ನು ಸರಿದೂಗಿಸದಿದ್ದರೆ ಅವನ ಕತ್ತಿನ ಗತಿಯೇನು?

ಚನ್ನಪಟ್ಟಣದ ಗೊಂಬೆಯ ಕಥೆಯೂ ಹೀಗೆಯೇ. ಹಾಲೆಯ ಮರವನ್ನು ಕಡಿದು ತಂದು, ತಿಂಗಳುಗಟ್ಟಲೆ ಒಣಗಿಸಿ, ತುಂಡುಮಾಡಿ, ಲೇತಿಗೆ ಕೊಟ್ಟು ಕಡೆಯುವರು. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವ ಕಾವಿಗೇ ಅರಗು ಕರಗಿ ಮರವನ್ನು ಹಿಡಿದುಕೊಳ್ಳುವುದು. ಆಮೇಲೆ ತಾಳೆಯ ಗರಿಯಿಂದ ತಿಕ್ಕಿ ಹೊಳಪು ತರುವರು. ಮಗುವಿನ ಕೈಯ ಒಂದು ಗಿಲಕಿಯ ಹಿಂದೆ ಎಷ್ಟು ಮಂದಿಯ ಕೈಗಳು! 2005–06ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಗುರುತು ದೊರೆಯಿತು. ಬೇರೆ ಊರಿನವರು ಆ ಹೆಸರನ್ನು ಹಾಕಿಕೊಂಡು ಮಾರಬಾರದೆಂಬುದು ಇದರ ತಾತ್ಪರ್ಯ. ಆ ಗುರುತು ಊರಿನದು, ಯಾರೊಬ್ಬರದೂ ಅಲ್ಲ. ಒಬ್ಬನಿಗೆ ಸಲ್ಲುವ ಪ್ರಶಸ್ತಿಗಿಂತ ಇದು ಹೆಚ್ಚು ನ್ಯಾಯವೆಂದು ಒಮ್ಮೆ ತೋರುವುದು. ಅರವತ್ತು ವರ್ಷದ ಕಸಬುದಾರನ ಹೆಸರು ಅವನ ಬೀದಿಯವರಿಗೂ ತಿಳಿಯದಿರುವುದನ್ನು ಕಂಡಾಗ, ಹಾಗಲ್ಲವೆಂದೂ ತೋರುವುದು.

ನಮಗೆ ಈ ಪ್ರಶ್ನೆಯು ನೋವಿನ ರೂಪದಲ್ಲಿ ತಿಳಿದುದು ಕನಕಪುರದ ಕಡೆಯ ಒಂದು ಮನೆಯಲ್ಲಿ. ಆ ಮನೆಯ ಮೊಮ್ಮಗಳು ನಮ್ಮಲ್ಲಿ ಓದಿದವಳು. ಅವಳ ಅಜ್ಜಿ ಸೋಬಾನೆಯ ಪದಗಳಿಗೆ ಹೆಸರಾದವರು. ಸುತ್ತಣ ಹಳ್ಳಿಗಳಲ್ಲಿ ಹಸೆಗೆ ಕರೆಯುವ ಹೊತ್ತಿಗೆ ಇವರು ಇರಲೇಬೇಕು. ಯಾವುದೋ ಒಂದು ಸಮಾರಂಭದಲ್ಲಿ ಇವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನೂ ಸ್ವಲ್ಪ ಹಣವನ್ನೂ ಕೊಟ್ಟರು. ಸಂತೋಷವನ್ನು ತಿಳಿಸಲು ನಾವು ಹೋದಾಗ ಅಜ್ಜಿಯ ಮುಖದಲ್ಲಿ ಗೆಲವಿರಲಿಲ್ಲ.

"ನಾನೊಬ್ಳೇ ಹಾಡಿದ್ನಾ, ನನ್ನವ್ವ? ಸೊಲ್ಲು ಎತ್ತೋಳು ನಾನು, ದಿಟ. ಹಿಡಿಯೋರು ಬ್ಯಾಡ್ವಾ?" ಎಂದರು.

ಸೊಲ್ಲು ಹಿಡಿಯುತ್ತಿದ್ದಾಕೆ ನೆರೆಯ ಓಣಿಯವರು. ಮದುವೆಯಾಗಿ ಆ ಊರಿಗೆ ಬಂದಂದಿನಿಂದ ಇಬ್ಬರೂ ಜೊತೆ. ಒಬ್ಬರ ಉಸಿರು ನಿಂತಲ್ಲಿ ಮತ್ತೊಬ್ಬರ ಉಸಿರು; ಒಬ್ಬರು ಮರೆತ ಸೊಲ್ಲು ಮತ್ತೊಬ್ಬರ ನೆನಪು. ಶಾಲು ಒಬ್ಬರಿಗೆ ಬಂದ ಮೇಲೆ ನಡೆದ ಮೊದಲನೆಯ ಮದುವೆಗೆ ಆಕೆ ಬರಲಿಲ್ಲ. ಮೈಗೆ ಹುಷಾರಿಲ್ಲವೆಂದು ಹೇಳಿಕಳುಹಿಸಿದರು. ಅಜ್ಜಿಯು ಸೊಲ್ಲೆತ್ತಿದರೆ ಹಿಂದೆ ಹಿಡಿಯುವ ಹುಡುಗಿಯರಿಗೆ ಪದ ಬಾರದು. ಮೂರು ಸೊಲ್ಲಿಗೆ ನಿಲ್ಲಿಸಿ, ಮಿಕ್ಕಿದ್ದನ್ನು ಧ್ವನಿವರ್ಧಕದ ಸಿನಿಮಾ ಹಾಡಿಗೆ ಬಿಟ್ಟರಂತೆ. ಮರುದಿನ ಅಜ್ಜಿಯು ಆ ಶಾಲನ್ನು ಒಯ್ದು ಗೆಳತಿಯ ಹೆಗಲಿಗೆ ಹಾಕಿದರು. ಆಕೆ ಕಾಫಿ ಕೊಟ್ಟು, ಕುಶಲವನ್ನು ವಿಚಾರಿಸಿ, ಸಂಜೆಯ ಹೊತ್ತಿಗೆ ಶಾಲನ್ನು ಮಡಿಸಿ ಮೊಮ್ಮಗನ ಕೈಯಲ್ಲಿ ಹಿಂದಕ್ಕೆ ಕಳುಹಿಸಿದರು.

ಹಾಗಾದರೆ ಬಹುಮಾನವೇ ಬೇಡವೆನ್ನೋಣವೆ? ನಾವು ಹಾಗೆ ಹೇಳಲಾರೆವು. ಅಂಕೋಲೆಯ ಕಡೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಹಾಲಕ್ಕಿಯೆಂಬ ಜನಾಂಗದ ಹೆಸರನ್ನೇ ಕೇಳದಿದ್ದವರು ಅದನ್ನು ಕೇಳಿದರು. ಕನಕಪುರದ ಆ ಮನೆಯಲ್ಲಿಯೂ ಅಜ್ಜಿಯ ಪದಗಳನ್ನು ಬರೆದುಕೊಳ್ಳಬೇಕೆಂದು ಮೊಮ್ಮಗಳಿಗೆ ತೋರಿದುದು ಶಾಲು ಬಂದ ಮೇಲೆಯೇ; ಅದಕ್ಕೆ ಮುಂಚೆ ಅವು ಮನೆಯ ಗದ್ದಲವಾಗಿದ್ದವು. ಬಹುಮಾನವು ಕೇಳುವವರ ಕಿವಿಯನ್ನು ತೆರೆಯುವುದೆಂಬುದರಲ್ಲಿ ಸಂಶಯವಿಲ್ಲ. ಎರಡು ಶಾಲುಗಳನ್ನು ಕೊಡುವುದಕ್ಕೆ ಹಣವಿಲ್ಲದಿದ್ದರೆ ಎರಡು ಹೆಸರುಗಳನ್ನು ಕೂಗುವುದಕ್ಕೆ ಏನೂ ಖರ್ಚಿಲ್ಲವೆಂಬುದು ಮಾತ್ರ ನಮ್ಮ ಅರಿಕೆ. ಮೊಮ್ಮಗಳು ಬರೆಯುತ್ತ ಹೋದಂತೆ, ಅಜ್ಜಿಗೆ ನೆನಪು ತಪ್ಪಿದ ಕಡೆಗಳಲ್ಲೆಲ್ಲ ಪುಸ್ತಕದಲ್ಲಿ ಜಾಗ ಬಿಟ್ಟಳು. ಆ ಜಾಗಗಳನ್ನು ತುಂಬಬಲ್ಲವರು ಊರಿನಲ್ಲಿ ಒಬ್ಬರೇ. ಪುಸ್ತಕವನ್ನು ಹಿಡಿದು ನೆರೆಯ ಓಣಿಗೆ ಹೋಗುವ ಕೆಲಸವು ಅವಳ ಪಾಲಿಗೆ ಬಂತು. ಮೊದಲ ದಿನ ಆಕೆ, "ನಂಗೇನು ಬತ್ತದೆ ಮಗಾ" ಎಂದು ಕಳುಹಿಸಿಬಿಟ್ಟರು; ಮೂರನೆಯ ಸಲಕ್ಕೆ ಜಗುಲಿಯ ಮೇಲೆ ಕುಳಿತು ಎರಡು ಸೊಲ್ಲು ಹೇಳಿದರಂತೆ.

ಆಮೇಲೆ ನಮ್ಮ ಶಾಲೆಯ ಪ್ರದರ್ಶನದ ಚೀಟಿಯಲ್ಲಿ ಹೆಸರಿನ ಕೆಳಗೆ ಇನ್ನೊಂದು ಸಾಲನ್ನು ಸೇರಿಸಿದೆವು: "ಯಾರಿಂದ ಕಲಿತುದು." ಬಹುಮಾನದ ತೀರ್ಪಿಗೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಿನವರು ಹೊಲಿಗೆಯ ಉಪಾಧ್ಯಾಯಿನಿಯವರ ಹೆಸರನ್ನೇ ಬರೆದರು. ಮಾಗಡಿಯ ಕಡೆಯಿಂದ ಬರುವ ಒಬ್ಬ ಹುಡುಗಿಯು ಹಳೆಯ ಸೀರೆಗಳಿಂದ ಹೊಲಿದ ಒಂದು ಪುಟ್ಟ ಕೌದಿಯನ್ನು ಇಟ್ಟಿದ್ದಳು. ಅವಳಿಗೆ ಬಹುಮಾನ ಬರಲಿಲ್ಲ. ಅಜ್ಜಿ, ಅಜ್ಜಿಯ ಅಕ್ಕ, ದಾರ ಪೋಣಿಸಿಕೊಡುತ್ತಿದ್ದ ಅತ್ತೆ, ಪಕ್ಕದ ಮನೆಯ ದೊಡ್ಡಮ್ಮ ಎಂದು ಅವಳು ಬರೆದ ಹೆಸರುಗಳಿಗೆ ಸಾಲಿನಲ್ಲಿ ಸ್ಥಳ ಸಾಲದೆ, ಚೀಟಿಯ ಹಿಂಬದಿಯೂ ತುಂಬಿತ್ತು.