ಟ್ಯಾಂಕಿನ ಮೇಲೊಂದು ಡೇಗೆ

ಕಡಲೆಕಾಯಿ ಪರಿಷೆಯ ಹೊತ್ತಿಗೆ ನಮ್ಮ ಬಡಾವಣೆಯ ಪಾರಿವಾಳಗಳ ಹಾರಾಟವೇ ಬದಲಾಗುತ್ತದೆ. ಅಲ್ಲಿಯವರೆಗೆ ಸಜ್ಜಾದ ಮೇಲೆ, ಕಿಟಕಿಯ ಗ್ರಿಲ್ಲಿನ ಮೇಲೆ ಆರಾಮಾಗಿ ಗುಟುರು ಹಾಕುತ್ತಿದ್ದ ಹಿಂಡು ಇದ್ದಕ್ಕಿದ್ದಂತೆ ಒಟ್ಟಿಗೆ ಏಳುತ್ತದೆ. ರೆಕ್ಕೆಗೆ ರೆಕ್ಕೆ ತಾಗುವಷ್ಟು ಒತ್ತಾಗಿ ಎರಡು ಸುತ್ತು ಗಿರ್ರನೆ ತಿರುಗಿ, ಚದುರಿ, ಮತ್ತೆ ಕೂಡಿಕೊಳ್ಳುತ್ತದೆ. ಆಗ ನಾನು ಪಾರಿವಾಳಗಳನ್ನು ನೋಡುತ್ತಾ ಕೂರುವುದಿಲ್ಲ, ಅವುಗಳ ಮೇಲಿನ ಬರಿದಾದ ಆಕಾಶವನ್ನು ಹುಡುಕುತ್ತೇನೆ. ಗರುಡ, ಹದ್ದುಗಳು ತಲೆಯ ಮೇಲೇ ಸುತ್ತಿದರೂ ಪಾರಿವಾಳಗಳು ಇಷ್ಟು ಕಂಗೆಡುವುದಿಲ್ಲ. ದಿನಾ ಕಾಣುವ ಮುಖಗಳು ಅವು. ಈ ಗಾಬರಿಯ ಬಗೆಯೇ ಬೇರೆ. ಉತ್ತರದಿಂದ ಪೆರೆಗ್ರಿನ್ ಫಾಲ್ಕನ್ ಬಂದಿದೆ ಅನ್ನುವ ಸುದ್ದಿ ನನಗೆ ಮೊದಲು ತಲುಪುವುದು ಹೀಗೆ.

ನಮ್ಮ ತಾರಸಿಯಿಂದ ಕಾಣುವ ಎತ್ತರದ ಅಪಾರ್ಟ್‌ಮೆಂಟಿನ ನೆತ್ತಿಯಲ್ಲಿ ನೀರಿನ ಟ್ಯಾಂಕು ಇದೆ. ಅದರ ಅಂಚು ಈ ಡೇಗೆಯ ಜಾಗ. ಬೆಳಗಿನ ಮಂಜು ಕರಗಿ ಟೆಲಿಸ್ಕೋಪಿಗೆ ಹಕ್ಕಿ ಸಿಕ್ಕಿದ ಮೇಲೆ ನನಗೆ ಬೇರೆ ಕೆಲಸ ನೆನಪಾಗುವುದಿಲ್ಲ. ಸ್ಲೇಟು ಬಣ್ಣದ ಬೆನ್ನು, ಬಿಳಿಯ ಎದೆ, ಹೊಟ್ಟೆಯ ಮೇಲೆ ಸಣ್ಣ ಸಣ್ಣ ಅಡ್ಡಗೆರೆ. ಕಣ್ಣಿನ ಕೆಳಗೆ ಕೆನ್ನೆಯವರೆಗೂ ಇಳಿದ ಕಪ್ಪು ಮೀಸೆ. ಅಡ್ಡಗೆರೆ ಇದ್ದರೆ ಬೆಳೆದ ಹಕ್ಕಿ. ಮೈ ಕಂದಾಗಿದ್ದು ಗೆರೆಗಳು ಉದ್ದಕ್ಕೆ ಇಳಿದಿದ್ದರೆ ಆ ವರ್ಷವೇ ಹುಟ್ಟಿದ್ದು ಎಂದು ಲೆಕ್ಕ. ನಮ್ಮಲ್ಲಿಗೆ ಬರುವುದು ದೊಡ್ಡ ಗಾತ್ರದ ಹೆಣ್ಣು. ಈ ಕುಲದಲ್ಲಿ ಗಂಡು ಹೆಣ್ಣಿಗಿಂತ ಮೂರನೇ ಒಂದು ಪಾಲು ಚಿಕ್ಕದು.

ಜಗತ್ತಿನ ಅತಿ ವೇಗದ ಹಕ್ಕಿ ಎಂದು ಕೇಳಿ ನೋಡಲು ಬಂದವರು ಅರ್ಧ ಗಂಟೆಯಲ್ಲಿ ಬೇಸತ್ತು ಇಳಿದು ಹೋಗುತ್ತಾರೆ. ಏಕೆಂದರೆ ಅದು ಕೂತಿರುತ್ತದೆ. ಗಂಟೆಗಟ್ಟಲೆ ಕೂತೇ ಇರುತ್ತದೆ. ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಳ್ಳುತ್ತದೆ, ಗರಿಯೊಂದನ್ನು ಬುಡದಿಂದ ತುದಿಯವರೆಗೆ ಕೊಕ್ಕಿನಲ್ಲಿ ಎಳೆದು ಸರಿಮಾಡುತ್ತದೆ, ಮೇಲೆ ಹಾದು ಹೋಗುವ ವಿಮಾನಕ್ಕೆ ಕತ್ತು ಓರೆ ಮಾಡುತ್ತದೆ. ನನಗೆ ಈ ಕೂರುವಿಕೆಯೇ ಇಷ್ಟ. ಕೆಳಗೆ ರಸ್ತೆಯಲ್ಲಿ ಆಟೋ, ಶಾಲೆಯ ವ್ಯಾನು, ಹಾಲಿನ ಗಾಡಿಗಳ ಗದ್ದಲ. ಮೇಲೆ ಒಂದು ಜೀವ ಅದಾವುದಕ್ಕೂ ಸಂಬಂಧವಿಲ್ಲದ ಹಾಗೆ, ಆದರೆ ಎಲ್ಲವನ್ನೂ ನೋಡುತ್ತಾ ಇರುತ್ತದೆ. ಅದು ತಲೆಯನ್ನು ಎರಡು ಮೂರು ಸಲ ಮೇಲೆ ಕೆಳಗೆ ಆಡಿಸಿತೆಂದರೆ ದೂರ ಅಳೆಯುತ್ತಿದೆ ಎಂದು ಅರ್ಥ. ಆಮೇಲೆ ಕಣ್ಣು ಮಿಟುಕಿಸಬಾರದು.

ಸಾಕ್ಷ್ಯಚಿತ್ರಗಳಲ್ಲಿ ಕಾಣುವ ನೆಟ್ಟನೆಯ ಧುಮುಕು ನಗರದಲ್ಲಿ ಅಪರೂಪ. ಕಟ್ಟಡದಿಂದ ಜಾರಿ, ನಾಲ್ಕಾರು ಬಿರುಸಿನ ಬಡಿತ ಬಡಿದು, ಓರೆಯಾಗಿ ಇಳಿದು ಹಿಂಡಿನ ಹಿಂದೆ ಬೀಳುವುದೇ ಹೆಚ್ಚು. ಪೂರ್ತಿ ಎತ್ತರದಿಂದ ರೆಕ್ಕೆ ಮಡಚಿ ಬಿದ್ದರೆ ಮಾತ್ರ ಅದರ ವೇಗ ಗಂಟೆಗೆ 300 ಕಿಲೋಮೀಟರು ದಾಟುತ್ತದೆ. ಹೆಚ್ಚಿನ ಸಲ ಬರಿಗೈಯಲ್ಲೇ ಹಿಂದಿರುಗುತ್ತದೆ. ಹಿಡಿದ ದಿನ ಮಾತ್ರ ಟ್ಯಾಂಕಿನ ಅಂಚಿನಿಂದ ಪುಕ್ಕಗಳು, ಒಡೆದ ಬೂರುಗದ ಕಾಯಿಯಿಂದ ಹತ್ತಿ ಹಾರಿದ ಹಾಗೆ, ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಾ ಇಳಿಯುತ್ತವೆ.

ಆ ಕಟ್ಟಡದ ಸೆಕ್ಯುರಿಟಿಯವರು ರಾಯಚೂರಿನ ಕಡೆಯವರು. ಒಂದು ಬೆಳಿಗ್ಗೆ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, "ಸರ್, ಮ್ಯಾಗಿಂದ ಇದು ಬಿದ್ದೈತಿ ನೋಡ್ರಿ. ಬೆಕ್ಕು ತಿಂದಿದ್ರ ರೆಕ್ಕಿ ಹಿಂಗ ಬಿಡ್ತಿರ್ಲಿಲ್ಲ" ಎಂದು ಪೇಪರಿನಲ್ಲಿ ಸುತ್ತಿಟ್ಟಿದ್ದನ್ನು ಬಿಡಿಸಿದರು. ಗಿಳಿಯ ಎರಡು ಹಸಿರು ರೆಕ್ಕೆ. ಒಂದು ಗರಿಯೂ ಮುರಿದಿಲ್ಲ. ಎರಡನ್ನೂ ಜೋಡಿಸಿ ಹಿಡಿದಿದ್ದು ಭುಜದ ಮೂಳೆ ಮತ್ತು ಎದೆಮೂಳೆ. ಮಾಂಸ ಒಂದೆಳೆಯೂ ಉಳಿದಿರಲಿಲ್ಲ. ಎದೆಮೂಳೆಯ ಏಣಿನಲ್ಲಿ ಕೊಕ್ಕು ಕಚ್ಚಿದ ಮುಕ್ಕುಗಳು ಸ್ಪಷ್ಟವಾಗಿದ್ದವು. ಈ ಡೇಗೆಯ ಮೇಲ್ಕೊಕ್ಕಿನಲ್ಲಿ ಹಲ್ಲಿನ ಹಾಗೆ ಒಂದು ಮೊನೆ ಇರುತ್ತದೆ, ಬೇಟೆಯ ಕತ್ತು ಮುರಿಯುವುದು ಅದರಿಂದಲೇ ಎಂದೆ. ಅವರು ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂದ್ರ ತಡಾ ಮಾಡೂದಿಲ್ರಿ ಅದು" ಎಂದರು. ಅಂದಿನಿಂದ ಅವರೂ ಆಗಾಗ ತಲೆಯೆತ್ತಿ ನೋಡುತ್ತಾರೆ.

ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಇದೇ ಜಾತಿಯ ಶಹೀನ್ ವರ್ಷವಿಡೀ ಇರುತ್ತದೆ. ಅದರ ಹೊಟ್ಟೆ ಕೆಂಗಂದು. ಬಿಳಿ ಎದೆಯ ನಮ್ಮ ಅತಿಥಿಯ ಊರು ಇಲ್ಲಿಂದ ಬಹು ದೂರದ ಆರ್ಕ್ಟಿಕ್ ಅಂಚಿನ ತುಂಡ್ರಾ, ಮರವೇ ಬೆಳೆಯದ ಹಿಮದ ಬಯಲು. ಅಲ್ಲಿನ 56 ಪೆರೆಗ್ರಿನ್‌ಗಳ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದ ಅಧ್ಯಯನವೊಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಪ್ರತಿ ಹಕ್ಕಿಯೂ ವರ್ಷ ವರ್ಷವೂ ಹೆಚ್ಚುಕಡಿಮೆ ತನ್ನದೇ ದಾರಿ ಹಿಡಿದು ಬರುತ್ತದೆ ಎಂಬುದು ಅದರಲ್ಲಿ ಗೊತ್ತಾಯಿತು. ಹಾಗಾಗಿ ಟ್ಯಾಂಕಿನ ಮೇಲಿನದು ಹಿಂದಿನ ವರ್ಷದ್ದೇ ಎಂದು ನಂಬುವುದಕ್ಕೆ ನನಗೆ ಕಾರಣವಿದೆ. ಆ ಕಟ್ಟಡ ಏಳುವ ಮೊದಲು ಅಲ್ಲೊಂದು ಮಾವಿನ ತೋಪಿತ್ತು. ತೋಪು ಹೋಗಿದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ. ಡೇಗೆಗೆ ಮಾತ್ರ ಅದು ಕಾಂಕ್ರೀಟಿನ ಬಂಡೆ. ಅದಕ್ಕೆ ಬೇಕಾದ ಎತ್ತರ, ಬಯಲು ನೋಟ, ಕಾಲಬುಡದಲ್ಲೇ ಆಹಾರ, ಎಲ್ಲವೂ ಅಲ್ಲಿವೆ.

ಇಂಥ ಹಕ್ಕಿ ಒಂದು ಕಾಲಕ್ಕೆ ಭೂಮಿಯ ಹಲವು ಭಾಗಗಳಲ್ಲಿ ಇಲ್ಲವಾಗುವ ಹಂತಕ್ಕೆ ಬಂದಿತ್ತು. 1960ರ ಸುಮಾರಿಗೆ ಬ್ರಿಟನ್ನಿನ ಪಾರಿವಾಳ ಸಾಕುವವರು, ಪೆರೆಗ್ರಿನ್‌ಗಳ ಕಾಟ ಜಾಸ್ತಿಯಾಗಿದೆ, ಅವಕ್ಕೆ ಕೊಟ್ಟ ರಕ್ಷಣೆ ತೆಗೆಯಿರಿ ಎಂದು ಸರ್ಕಾರಕ್ಕೆ ದೂರಿತ್ತರು. ಎಷ್ಟಿವೆ ನೋಡೋಣ ಎಂದು ಅಲ್ಲಿನ ನಿಸರ್ಗ ವಿಜ್ಞಾನಿ ಡೆರೆಕ್ ರಾಟ್‌ಕ್ಲಿಫ್ ಎಣಿಕೆಗೆ ಹೊರಟರೆ ಗೂಡಿಗೆ ಗೂಡೇ ಖಾಲಿ. ಸಂಗ್ರಹಾಲಯಗಳಲ್ಲಿದ್ದ ಹಳೆಯ ಮೊಟ್ಟೆಗಳ ಜೊತೆ ಹೋಲಿಸಿ, ಹೊಸ ಮೊಟ್ಟೆಗಳ ಚಿಪ್ಪು ತೆಳ್ಳಗಾಗಿದೆ ಎಂದು 1967ರಲ್ಲಿ ಅವರು ಬರೆದರು. ಕಾರಣ ಡಿಡಿಟಿ. ಹೊಲಕ್ಕೆ ಹೊಡೆದ ವಿಷ ಹುಳು, ಕಾಳುಗಳಿಂದ ಸಣ್ಣ ಹಕ್ಕಿಗೆ, ಅಲ್ಲಿಂದ ಡೇಗೆಗೆ ಏರುತ್ತಾ ಏರುತ್ತಾ ಗಟ್ಟಿಯಾಗಿತ್ತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಈ ಮಾತು ಓದಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಮೆರಿಕದ ಪೂರ್ವ ಭಾಗದಲ್ಲಂತೂ ಒಂದು ಜೋಡಿಯೂ ಉಳಿಯಲಿಲ್ಲ. 1972ರಲ್ಲಿ ಆ ದೇಶ ಡಿಡಿಟಿ ನಿಲ್ಲಿಸಿತು, ಸಾಕಿ ಬೆಳೆಸಿದ ಮರಿಗಳನ್ನು ಬಿಟ್ಟರು, ಇಂದು ನ್ಯೂಯಾರ್ಕಿನ ಸೇತುವೆಗಳ ಮೇಲೆ ಅವು ಸಂಸಾರ ಹೂಡಿವೆ. ನಮ್ಮಲ್ಲಿ ಬೇಸಾಯಕ್ಕೆ ಡಿಡಿಟಿ ಬಳಸುವುದನ್ನು 1989ರಲ್ಲಿ ನಿಷೇಧಿಸಿದರು.

ಡೇಗೆ ಇದ್ದರೆ ಪಾರಿವಾಳದ ಕಾಟ ಕಡಿಮೆಯಾಗುತ್ತದೆ ಅಲ್ಲವೇ ಎಂದು ಹಲವರು ಕೇಳುತ್ತಾರೆ. ದಿನಕ್ಕೊಂದು ಹಿಡಿದರೂ ಈ ಊರಿನ ಪಾರಿವಾಳ ಮುಗಿಯುವುದಿಲ್ಲ. ಅಂಥ ಲಾಭದ ಲೆಕ್ಕದಿಂದ ಅದನ್ನು ಬರಮಾಡಿಕೊಳ್ಳಬೇಕಾಗಿಯೂ ಇಲ್ಲ. ಇಷ್ಟು ದೂರದಿಂದ ಬಂದು, ಯುಗಾದಿಯವರೆಗೆ ಇದ್ದು, ತನ್ನ ಪಾಡಿಗೆ ಹೋಗುವ ಜೀವ ನಮ್ಮ ನಡುವೆ ಇದೆ ಅನ್ನುವುದೇ ದೊಡ್ಡದು.

ಈ ಚಳಿಗಾಲದಲ್ಲಿ ನೀವೂ ಬೆಳಗಿನ ಕಾಫಿ ಹಿಡಿದು ತಾರಸಿಗೆ ಹತ್ತಿ, ಸುತ್ತಲಿನ ಅತಿ ಎತ್ತರದ ಕಟ್ಟಡದ ಅಂಚನ್ನು, ಮೊಬೈಲ್ ಟವರಿನ ತುದಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಕಂಡರೆ ದೂರದಿಂದಲೇ ನೋಡಿ, ಡ್ರೋನ್ ಹಾರಿಸಬೇಡಿ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ರಕ್ಷಣೆ ಪಡೆದ ಹಕ್ಕಿ ಅದು. ಅದಕ್ಕಿಂತ ಮುಖ್ಯವಾದ ಒಂದು ಕೋರಿಕೆ ಇದೆ. ನಿಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಪಾರಿವಾಳಕ್ಕೆ ವಿಷ ಇಡುವ ಮಾತು ಬಂದರೆ ದಯವಿಟ್ಟು ಎದ್ದು ನಿಂತು ಬೇಡ ಅನ್ನಿ. ಬಾಲ್ಕನಿಗೆ ಬಲೆ ಕಟ್ಟಿಸಲಿ, ಕಾಳು ಸುರಿಯುವುದನ್ನು ನಿಲ್ಲಿಸಲಿ. ವಿಷ ತಿಂದು ನಿಧಾನವಾದ ಪಾರಿವಾಳವೇ ಡೇಗೆಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು.